ಇಸ್ತ್ರಿ ಅಕ್ಕ ಕೈಪಟ್ಟಿ ಕಟ್ಟಿಕೊಂಡದ್ದು

ಆಸ್ಪತ್ರೆಗಳ ಹೊದಿಕೆ ಒಗೆದು ಇಸ್ತ್ರಿ ಮಾಡುವ ಆ ದೊಡ್ಡ ಲಾಂಡ್ರಿಯಲ್ಲಿ ಮೂವತ್ತು ಜನ ದುಡಿಯುತ್ತಿದ್ದರು. ಎಲ್ಲರಿಗಿಂತ ಹಿರಿಯಳು ಇಸ್ತ್ರಿ ಅಕ್ಕ. ಇಪ್ಪತ್ತೆರಡು ವರ್ಷ ಆವಿಯಲ್ಲಿ ಬೆಂದವಳು. ಅವಳು ಹೂಂ ಅಂದರೆ ಎಲ್ಲರೂ ಹೂಂ.

ಒಂದು ದಿನ ಕಂಪನಿಯ ನರ್ಸಮ್ಮ ಎದೆಬಡಿತ, ಮೈಬಿಸಿ ಅಳೆಯುವ ಕೈಪಟ್ಟಿಗಳ ಪೆಟ್ಟಿಗೆ ತಂದಿಟ್ಟಳು. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವವರು ಕೂಡ ಅತ್ತ ಸುಳಿಯಲಿಲ್ಲ.

ವಾರ ಕಾದು ನರ್ಸಮ್ಮ ಅಕ್ಕನನ್ನೇ ಕೇಳಿದಳು: "ಯಾಕಕ್ಕಾ, ಹಾಕ್ಕೊಳ್ಳೋದು ಕಷ್ಟಾನಾ?"

"ಕಷ್ಟ ಏನಿಲ್ಲ ತಾಯಿ. ಅದು ನಮ್ಮ ಆರೋಗ್ಯ ಕಾಯೋದಕ್ಕೋ, ನಮ್ಮನ್ನೇ ಕಾಯೋದಕ್ಕೋ? ಎದೆ ಡವಡವ ಅಂದ್ರೆ 'ನಿನ್ನ ಕೈಲಾಗಲ್ಲ, ಮನೆಗೆ ನಡಿ' ಅಂತಾರೆ."

ತಿಂಗಳಿಂದ ಮಧ್ಯಾಹ್ನವಾದರೆ ತನಗೇ ತಲೆ ಸುತ್ತುವುದನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ.

"ಇದು ನನಗೆ ಹೊಳೆದೇ ಇರಲಿಲ್ಲ. ಬನ್ನಿ, ಮ್ಯಾನೇಜರ್ ಹತ್ರ ಹೋಗೋಣ" ಅಂದಳು ನರ್ಸಮ್ಮ.

ಮ್ಯಾನೇಜರ್ ಮೀನಮೇಷ ಎಣಿಸಿದ. ಅಕ್ಕ ಕದಲಲಿಲ್ಲ. ಕೊನೆಗೆ ಬರೆದುಕೊಟ್ಟ: ಪಟ್ಟಿಯ ಅಂಕಿ ಕಟ್ಟಿಕೊಂಡವರಿಗೆ, ನರ್ಸಿಗೆ ಬಿಟ್ಟು ಇನ್ಯಾರಿಗೂ ತೋರಿಸುವುದಿಲ್ಲ, ಅದರಿಂದ ಯಾರ ಕೆಲಸವೂ ಹೋಗುವುದಿಲ್ಲ. ಅಕ್ಕ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ, ಮೊದಲ ಪಟ್ಟಿ ತಾನೇ ಕಟ್ಟಿಕೊಂಡಳು. ಸಂಜೆಯೊಳಗೆ ಪೆಟ್ಟಿಗೆ ಖಾಲಿ.

ಎರಡು ವಾರಕ್ಕೆ ಅಕ್ಕನಿಗೆ ಒಂದು ವಿಷಯ ಕಂಡಿತು. ಮಧ್ಯಾಹ್ನ ಎರಡರ ನಂತರ ಅವಳ ಎದೆ ಓಡುವ ಕುದುರೆ. ಪಕ್ಕದವಳನ್ನು ಕೇಳಿದರೆ ಅವಳದೂ ಹಾಗೇ. ಗುಂಡುಕಲ್ಲಿನಂಥ ಬಾಯ್ಲರ್ ಅಣ್ಣನದೂ ಹಾಗೇ!

"ಅಯ್ಯೋ, ನನಗೊಬ್ಬಳಿಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ. ಇದು ನಮ್ಮ ರೋಗ ಅಲ್ಲ ಕಣ್ರೋ, ಈ ಕೋಣೆ ರೋಗ!"

ಮೂವತ್ತು ಜನರೂ ತಮ್ಮ ತಮ್ಮ ಅಂಕಿಗಳನ್ನು ಒಪ್ಪಿಯೇ ಕೊಟ್ಟರು. ನರ್ಸಮ್ಮ ಒಂದೇ ಹಾಳೆಯಲ್ಲಿ ಬರೆದಳು. ಅಕ್ಕ ಅದನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು, "ಈಗ ನೀವೇ ಹೇಳಿ ಸಾರ್" ಅಂದಳು. ಅವನು ಓದಿದ, ಮತ್ತೆ ಓದಿದ. ಆಮೇಲೆ ಮೇಸ್ತ್ರಿಗೆ ಫೋನು ಮಾಡಿದ.

ಹತ್ತೇ ದಿನದಲ್ಲಿ ಗೋಡೆ ಒಡೆದು ಆವಿ ಎಳೆಯುವ ನಾಲ್ಕು ದೊಡ್ಡ ಫ್ಯಾನು ಕೂರಿಸಿದರು. ಮಧ್ಯಾಹ್ನ ಎರಡು ಸಲ ಬಿಡುವು ಕೊಟ್ಟರು. ಫ್ಯಾನು ತಿರುಗಿದ ಗಳಿಗೆಗೆ ಬಾಯ್ಲರ್ ಅಣ್ಣ ಹಾಕಿದ ಸಿಳ್ಳೆ ಬೀದಿಯ ಕೊನೆಗೂ ಕೇಳಿಸಿತು.

ಮರುವಾರ ಆಚೆ ಬೀದಿಯ ಬಣ್ಣದ ಕಾರ್ಖಾನೆಯ ಹೆಂಗಸರು ಹುಡುಕಿಕೊಂಡು ಬಂದರು. "ಆ ಕಾಗದ ಹೇಗೆ ಬರೆಸಿಕೊಂಡ್ರಿ ಅಕ್ಕಾ?"

"ಕೂತ್ಕೊಳ್ಳಿ, ಹೇಳ್ತೀನಿ" ಅಂದಳು ಅಕ್ಕ, ಬೆಂಚಿನಲ್ಲಿ ಜಾಗ ಬಿಡುತ್ತಾ.