ಮೊದಲು ಅಕ್ಕ

ಭರಮವ್ವ ಸೂಜಿಗೆ ಹೆದರುತ್ತಾಳೆ ಎಂದರೆ ಯಾರೂ ನಂಬುವುದಿಲ್ಲ. ಹಾನಗಲ್ ಬಸ್‌ಸ್ಟ್ಯಾಂಡಿನ ಎದುರು ಮೂವತ್ತು ವರ್ಷ ಖಾನಾವಳಿ ನಡೆಸಿದವಳು ನಾನು. ಕುಡಿದು ಬಂದು ತಾಟು ಎಸೆದವರ ಕಪಾಳಕ್ಕೆ ಬಾರಿಸಿದವಳು. ಆದರೂ ಸೂಜಿ ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತವೆ, ಏನು ಮಾಡಲಿ! ಅದಕ್ಕೇ ಶಿಗ್ಗಾಂವದ ಈ ವೃದ್ಧಾಶ್ರಮಕ್ಕೆ ಕೊರೊನಾ ಲಸಿಕೆ ಹಾಕುವವರು ಬಂದಾಗ ಒಂದು ಹಲ್ಕಟ್ ಕೆಲಸ ಮಾಡಿದೆ.

ನನ್ನ ಕೋಣೆಯ ದಿಲ್ಶಾದಬಿಗೆ ಸೂಜಿಯೆಂದರೆ ಪ್ರಾಣ. ಬರೀ ಗುಳಿಗೆ ಕೊಡುವ ಡಾಕ್ಟರು ಅವಳ ಪಾಲಿಗೆ ಡಾಕ್ಟರೇ ಅಲ್ಲ. ತನ್ನದು ಮುಗಿಸಿ ಬಂದವಳ ಕೈಗೆ ನನ್ನ ಆಧಾರ್ ಕಾರ್ಡು ತುರುಕಿ, "ನಂದೂ ನೀನ ಹಾಕಿಸ್ಕೊಂಡ ಬಾರ ನಮ್ಮವ್ವಾ" ಎಂದೆ. ತಲೆಯ ಮೇಲೆ ಸೆರಗು, ಮೂಗಿಗೆ ಮಾಸ್ಕು. ಆಧಾರ್ ಫೋಟೊ ನೋಡಿ ಯಾರನ್ನಾದರೂ ಗುರುತು ಹಿಡಿದವರುಂಟೇ? ಎರಡನೇ ಸಲವೂ ಹಾಗೇ ಮಾಡಿದೆವು. ಎರಡು ದಿನ ಜ್ವರದಲ್ಲಿ ಮಲಗಿದರೂ ಮೊಣಕಾಲು ಹಗುರಾಯಿತು ಎಂದಳು ಪುಣ್ಯಾತ್ಗಿತ್ತಿ. ನನಗೆ ಎರಡೂ ಡೋಸು ಆಗಿವೆ ಎಂಬ ಕಾಗದ ಗೋಡೆಯ ಮೇಲೆ ಬಂತು.

ಅದಾದ ಮೇಲೆ ಆಡೂರಿನಿಂದ ನನ್ನ ತಂಗಿ ಹೊಳೆವ್ವ ಬಂದು ನಮ್ಮ ಜೊತೆ ಸೇರಿದಳು. ಚಿಕ್ಕಂದಿನಿಂದಲೂ ಅವಳದು ಒಂದೇ ಹಟ: ಮೊದಲು ಅಕ್ಕ. ಆಯ್ತವಾರ ಅವ್ವ ಹೊಟ್ಟೆ ತೊಳೆಯುವ ಔಡಲೆಣ್ಣೆಯ ಬಟ್ಟಲು ಹಿಡಿದರೆ ನಾನು ಮೊದಲು ಕುಡಿಯಬೇಕು, ಆಮೇಲೆ ಅವಳು ಕಣ್ಣು ಮುಚ್ಚಿ ಕುಡಿಯುವಳು. ಲಸಿಕೆ ಹಾಕಿಸಿಕೊ ಎಂದು ಅವಳಿಗೆ ಎಷ್ಟು ಹೇಳಿದರೂ, "ನಿನಗ ಏನಾಕ್ಕೈತಿ ನೋಡೂಣು ತಡಿ" ಎಂದು ಕೂತಳು.

ಸಂಕ್ರಾಂತಿ ಮುಗಿದ ವಾರ ರೋಗ ಒಳಗೆ ನುಗ್ಗಿತು. ಗೇಟಿಗೆ ಬೀಗ ಬಿತ್ತು. ಸೂಜಿ ಹಾಕಿಸಿಕೊಂಡವರಲ್ಲಿ ಒಂಬತ್ತು ಮಂದಿಗೆ ಬಂತು. ಕೆಮ್ಮಿದರು, ಬೈದಾಡಿದರು, ಐದಾರು ದಿನಕ್ಕೆ ಎದ್ದು ಕೂತು ರೊಟ್ಟಿ ಕೇಳಿದರು. ದಿಲ್ಶಾದಬಿ ಮೂರನೇ ದಿನಕ್ಕೇ ಎದ್ದಳು. ಹಾಕಿಸಿಕೊಳ್ಳದ ಇಬ್ಬರನ್ನು ಹಾವೇರಿ ಆಸ್ಪತ್ರೆಗೆ ಒಯ್ದರು. ಒಬ್ಬರು ತಿರುಗಿ ಬರಲಿಲ್ಲ. ನನ್ನನ್ನು ಈ ಮೂಲೆಯ ಕೋಣೆಗೆ ಹಾಕಿ, ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿ, ಹೊರಗಿನಿಂದ ಚಿಲಕ ಹಾಕಿದರು. ಎರಡು ಡೋಸ್ ಆದವಳಿಗೆ ಇಷ್ಟು ಜೋರಾಗಬಾರದಿತ್ತು ಎಂದು ಡಾಕ್ಟರು ತಲೆ ಕೆರೆದುಕೊಂಡು ಬರೆದುಕೊಂಡರು. ಬಾಯಿ ಬಿಡಲು ನನಗೆ ನಾಚಿಕೆ.

ಎಂಟನೇ ದಿನ, ಉಳಿದವರಿಗೆ ಹಾಕಲು ಲಸಿಕೆಯ ಗಾಡಿ ಬಂತು. ನರ್ಸ್ ವಿದ್ಯಾಶ್ರೀ ಕೈಮುಗಿದರೂ ಹೊಳೆವ್ವ ಒಪ್ಪದೆ, ನೆಟ್ಟಗೆ ನನ್ನ ಕಿಟಕಿಯ ಮುಂದೆ ಬಂದು ನಿಂತಳು.

"ಅಕ್ಕಾ, ನೀ ಎರಡ ಹಾಕಿಸ್ಕೊಂಡಿ. ನೋಡ ನಿನ್ನ ಪಾಡ. ನನಗ್ಯಾಕ ಬೇಕ ಅದು?"

"ಒಂಬತ್ತ ಮಂದಿ ಎದ್ದ ಕುಂತಾರಲ್ಲ, ಅವರನ್ನ ನೋಡ!"

"ಅವರೇನ ನಮ್ಮಕ್ಕ ಅಲ್ಲ."

ನನ್ನ ಎದೆಯಲ್ಲಿ ಉಸಿರೇ ಇರಲಿಲ್ಲ, ಆದರೂ ಕೂಗಿದೆ. "ನಾ ಹಾಕಿಸ್ಕೊಂಡಿಲ್ಲ, ಹೊಳೀ! ಒಂದೂ ಹಾಕಿಸ್ಕೊಂಡಿಲ್ಲ! ನನ್ನ ಹೆಸರಿಲೆ ದಿಲ್ಶಾದಬಿ ಹಾಕಿಸ್ಕೊಂಡಾಳ!"

"ಸುಳ್ಳ. ನರ್ಸಬಾಯಿ ಹೇಳಿಕೊಟ್ಟಿರಬೇಕ. ಗ್ವಾಡಿ ಮ್ಯಾಲ ಕಾಗದ ಐತಿ."

ಇನ್ನೇನು ಹೇಳಲಿ? ಅರವತ್ತು ವರ್ಷದಿಂದ ನುಂಗಿಕೊಂಡಿದ್ದನ್ನು ಕಕ್ಕಿದೆ.

"ಔಡಲೆಣ್ಣಿನೂ ನಾ ಕುಡದಿಲ್ಲ. ಬಾಯಾಗ ಇಟ್ಕೊಂಡ ಹೋಗಿ ಎಮ್ಮಿ ಗ್ವಾದಲ್ಯಾಗ ಉಗುಳತಿದ್ದೆ."

ಅವಳು ಕಿಟಕಿಯ ಸರಳು ಹಿಡಿದಳು. ನಂಬಿದಳು ಎಂದು ಮುಖ ನೋಡಿದರೇ ಗೊತ್ತಾಯಿತು.

"ಎಲ್ಲಾ ಆಯ್ತವಾರನೂ?"

"ಎಲ್ಲಾ ಆಯ್ತವಾರನೂ."

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಾವಿಗೆ ಹೆದರದವಳು ಎಣ್ಣೆಗೆ ಅತ್ತಳು. ನನಗೆ ಸಾಯುವಷ್ಟು ಸಂಕಟವಾಯಿತು.

"ಹಂಗಾರ ಈಗ ನನ್ನ ಕಣ್ಣ ಮುಂದ ಹಾಕಿಸ್ಕೊ. ನಾ ನಿಂತ ನೋಡತೇನಿ. ಆಮ್ಯಾಲೆ ನಾ."

ಇಷ್ಟೇ ತಾನೇ! ಕುಪ್ಪಸದ ತೋಳು ಮೇಲೇರಿಸಿ, ಸರಳುಗಳ ನಡುವೆ ಕೈ ಹೊರಗೆ ಚಾಚಿದೆ. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಸೂಜಿ ಬೇಕು ಅನಿಸಿತು. "ಚುಚ್ಚವ್ವಾ, ಲಗೂನ ಚುಚ್ಚ!"

ವಿದ್ಯಾಶ್ರೀ ನನ್ನ ಕೈ ಹಿಡಿದಳು, ಸೂಜಿ ತೆಗೆಯಲಿಲ್ಲ. "ಆಯೀ, ಮೈ ಕೆಂಡ ಆಗೇತಿ. ಇಂಥಾದ್ರಾಗ ಹಾಕಾಕ ಬರಂಗಿಲ್ರಿ. ನೀವು ಆರಾಮಾದ ಮ್ಯಾಲ ನೋಡಬೇಕ."

"ಖಾಲಿ ಸೂಜಿನರ ಚುಚ್ಚ" ಎಂದು ಪಿಸುಗುಟ್ಟಿದೆ. "ಆಕಿ ನೋಡಿದ್ರ ಸಾಕು."

"ಇನ್ನೊಮ್ಮೆ ಆಕಿಗೆ ಮೋಸ ಮಾಡಬ್ಯಾಡ್ರಿ, ಆಯೀ."

ಅವಳು ತಿರುಗಿ ಹೊಳೆವ್ವಳಿಗೆ ತಿಳಿಸಿ ಹೇಳಿದಳು. ಗಾಡಿಯವರೂ ಹೇಳಿದರು. ದಿಲ್ಶಾದಬಿ ಅಂಗಳಕ್ಕೆ ಬಂದು, ಅಕ್ಕನ ಪಾಲಿನದೂ ತಾನೇ ಹಾಕಿಸಿಕೊಂಡೆನೆಂದು ಆಣೆ ಮಾಡಿದಳು. ಹೊಳೆವ್ವ ಎಲ್ಲರ ಮಾತಿಗೂ ತಲೆಯಾಡಿಸಿದಳು, ಜಾಗ ಬಿಟ್ಟು ಕದಲಲಿಲ್ಲ.

"ಮೊದಲ ಅಕ್ಕ" ಎಂದಳು.

ಸವಣೂರಿಗೆ ಹೊತ್ತಾಗುತ್ತದೆ ಎಂದು ಗಾಡಿಯವರು ಡಬ್ಬಿ ಮುಚ್ಚಿದರು. ಗೇಟು ತೆರೆಯಿತು, ಮತ್ತೆ ಬೀಗ ಬಿತ್ತು. ಹೊಳೆವ್ವ ಸಣ್ಣಗೆ ಒಮ್ಮೆ ಕೆಮ್ಮಿದಳು. ನಾನು ಚಾಚಿದ ತೋಳನ್ನು ಒಳಗೆ ಎಳೆದುಕೊಂಡಿರಲಿಲ್ಲ, ಅವಳು ಅದನ್ನೇ ನೋಡುತ್ತಾ ನಿಂತಿದ್ದಳು.