ನೆಲಮಾಳಿಗೆಯ ದಾರಿ

"ತಲೆ ತಗ್ಗಿಸಿ, ಪೈಪು ಬಡಿಯುತ್ತೆ!" ಎಂದು ಕಾವಲುಗಾರ ಕೂಗುವಷ್ಟರಲ್ಲಿ ಚಟ್ಟದ ಮುಂಭಾಗ ಇಳಿಜಾರು ದಾಟಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯೊಳಗೆ ಬಂದಾಗಿತ್ತು. ಬಲಗಡೆ ಹೆಗಲು ಕೊಟ್ಟವನು ಸತ್ತವನ ತಮ್ಮ. ಹನ್ನೊಂದು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

ಬೇರೆ ದಾರಿಯಿರಲಿಲ್ಲ. ಅಣ್ಣನ ಮನೆಯಿದ್ದ ಸೊಪ್ಪಿನ ಹೊಲದ ಮೂರು ಕಡೆ ಕಟ್ಟಡಗಳ ಗೋಡೆ. ನಾಲ್ಕನೆಯ ಕಡೆ ತಮ್ಮ ಮಾರಿದ ಪಾಲು, ಅಂದರೆ ಈ ಅಪಾರ್ಟ್‌ಮೆಂಟು. ದಿನಾ ಬೆಳಿಗ್ಗೆ ಅಣ್ಣ ಸೊಪ್ಪಿನ ಬುಟ್ಟಿ ಹೊತ್ತು ರಸ್ತೆಗೆ ಹೋಗುತ್ತಿದ್ದದ್ದೂ ಈ ಕಾರುಗಳ ನಡುವೆಯೇ.

ಜನ ಬಂದಂತೆ ತಾವಾಗಿ ಹೊತ್ತಿಕೊಳ್ಳುವ ದೀಪಗಳು. ಒಂದು ಸಾಲು ಹೊತ್ತಿತು, ಇನ್ನೊಂದು ಹೊತ್ತಿತು. ಮೂರನೆಯದು, ಅವರಿನ್ನೂ ಇಪ್ಪತ್ತು ಹೆಜ್ಜೆ ಹಿಂದಿರುವಾಗಲೇ ಹೊತ್ತಿತು.

"ಮುಂದೆ ಯಾರಯ್ಯಾ ಇರೋದು?" ತಮ್ಮ ಕೇಳಿದ.

"ಯಾರೂ ಇಲ್ಲ ಯಜಮಾನ್ರೇ. ಗಾಡಿಗಳನ್ನೆಲ್ಲ ಗೇಟಲ್ಲೇ ನಿಲ್ಸಿದೀನಿ," ಎಂದ ಕಾವಲುಗಾರ.

ಎಲ್ಲರೂ ನಿಂತರು. ದೀಪ ನಿಲ್ಲಲಿಲ್ಲ. ನಾಲ್ಕನೆಯ ಸಾಲು, ಐದನೆಯದು. ಆಮೇಲೆ ಹೊರದಾರಿ ಬಿಟ್ಟು ಎಡಕ್ಕೆ ತಿರುಗಿತು, ಯಾರೋ ಅವಸರವಿಲ್ಲದೆ ನಡೆದು ಹೋದ ಹಾಗೆ. ತುದಿಯ ಕಂಬದ ಬಳಿ ಹೋಗಿ ನಿಂತಿತು.

ಕಾವಲುಗಾರನ ದನಿ ಇಳಿಯಿತು. "ತಾತ ದಿನಾ ಹಾಗೇ ಹೋಗ್ತಿದ್ರು. ಆ ಕಂಬದ ಹತ್ರ ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ನಿಂತ್ಕೊಳ್ಳೋರು. ಯಾಕೆ ತಾತ ಅಂದ್ರೆ, ನೀರು ಕುಡಿದು ಹೋಗ್ತೀನಿ ಅನ್ನೋರು. ಅಲ್ಲಿ ನಲ್ಲಿಯೇ ಇಲ್ಲ."

ಅಲ್ಲಿ ಮೊದಲು ಏನಿತ್ತೆಂದು ತಮ್ಮನಿಗೆ ಗೊತ್ತಿತ್ತು.

*

ಪಾಲು ಮಾರುವ ದಿನ ಅಣ್ಣ ಬೈಯಲಿಲ್ಲ, ಜಗಳವಾಡಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಕಾಲಿನ ಕೆಸರು ಕೆರೆಯುತ್ತಾ ಹೇಳಿದ್ದ: "ನಿನ್ನ ಪಾಲು, ನಿನ್ನಿಷ್ಟ ಕಣೋ. ಬಾವಿ ಒಂದು ಮುಚ್ಚಬೇಡಿ ಅಂತ ಕೊಳ್ಳೋರಿಗೆ ಹೇಳು. ಅಪ್ಪನೂ ನಾವೂ ಕೈಯಾರೆ ತೋಡಿದ್ದು."

"ಹೇಳ್ತೀನಿ ಬಿಡಣ್ಣ."

ಹೇಳಲಿಲ್ಲ. ಹೇಳಿದರೆ ವ್ಯವಹಾರ ಮುರಿದುಬಿದ್ದೀತೆಂಬ ಅಳುಕು. "ಹೇಳಿದೆ, ಅವರು ಕೇಳಲಿಲ್ಲ" ಎಂದು ಅಣ್ಣನಿಗೆ ಹೇಳಿಬಿಟ್ಟ. ಲಾರಿಗಳು ಬಾವಿಗೆ ಮಣ್ಣು ಸುರಿದ ದಿನ ಅಣ್ಣ ಬೇಲಿಯಾಚೆ ನಿಂತು ಸುಮ್ಮನೆ ನೋಡಿದ. ಅಂದಿನಿಂದ ತಮ್ಮನೇ ಮುಖ ತಪ್ಪಿಸಿಕೊಂಡು ಓಡಾಡಿದ.

*

"ಹೊರಗಡೆ ದಾರಿ ಬಲಕ್ಕೆ," ಎಂದ ಹಿಂದೆ ಹೊತ್ತಿದ್ದವನೊಬ್ಬ. ಯಾರೂ ಕದಲಲಿಲ್ಲ.

"ಎಡಕ್ಕೇ ನಡೀರಿ," ಎಂದಳು ಚಟ್ಟದ ಹಿಂದೆ ಬರುತ್ತಿದ್ದ ಅತ್ತಿಗೆ. "ಅವರು ಹೋದ ಕಡೆ ಹೋಗೋಣ."

ಕಂಬದ ಬಳಿ ಚಟ್ಟ ಇಳಿಸಿದರು. ಕಾಂಕ್ರೀಟಿನ ಮೇಲೆ ಬಾವಿಯ ಬಾಯಿಯಷ್ಟೇ ಅಗಲದ ಒದ್ದೆ, ದುಂಡಗೆ, ಕಪ್ಪಗೆ.

"ನಿನ್ನೆ ಒಣಗಿತ್ತು," ಕಾವಲುಗಾರ ಗೊಣಗಿದ. "ನಾನೇ ಗುಡಿಸಿದ್ದು."

ತಮ್ಮ ಮಂಡಿಯೂರಿದ. "ಅತ್ತಿಗೆ, ನಾನು ಅವರಿಗೆ ಹೇಳ್ಲೇ ಇಲ್ಲ. ಬಾವಿ ವಿಷಯ ಬಾಯೇ ಬಿಡ್ಲಿಲ್ಲ."

"ನಿಮ್ಮಣ್ಣಂಗೆ ಗೊತ್ತಿತ್ತಪ್ಪ. ತಾವೇ ಹೋಗಿ ವಿಚಾರಿಸಿದ್ರು. ಬಾವಿ ಉಳಿಸಿ ಅಂತ ನಮಗ್ಯಾರೂ ಹೇಳಿಲ್ವಲ್ಲ ಅಂದ್ರಂತೆ ಕೊಂಡೋರು. ನಿಮ್ಮಣ್ಣ ಮನೆಗೆ ಬಂದು, ತಮ್ಮ ಬಂದ್ರೆ ಈ ಮಾತು ಎತ್ತಬೇಡ ಅಂದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಬರ್ಲೇ ಇಲ್ಲ."

ಅವನು ಒದ್ದೆ ನೆಲದ ಮೇಲೆ ಅಂಗೈ ಊರಿದ. ಆಳದ ನೀರಿನ ತಂಪು ಮೊಣಕೈವರೆಗೆ ಹತ್ತಿತು. ಕೈ ತೆಗೆದಾಗ ಅದರ ಗುರುತು ಒಂದು ಕ್ಷಣ ಒಣಗಿ, ಬೆಳ್ಳಗೆ ಉಳಿಯಿತು. ಆಮೇಲೆ ಕೆಳಗಿನಿಂದ ನೀರು ಜಿನುಗಿ, ಕಿರುಬೆರಳಿನಿಂದ ಶುರುವಾಗಿ, ಒಂದೊಂದೇ ಬೆರಳು ತುಂಬಿಕೊಂಡಿತು.