ಪಟ್ಟಿಯಲ್ಲಿ ಬಿಟ್ಟ ದೋಣಿ

ಗುನ್ವರ್ ತನ್ನ ಪಟ್ಟಿಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕುವಾಗ ಅದರಲ್ಲಿ ಒಂದು ಸುಳ್ಳಿತ್ತು. ಸಣ್ಣ ಸುಳ್ಳು, ಇದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದಳು.

ಊರಿನ ಸಿನಿಮಾ ಮಂದಿರವನ್ನು ನಡೆಸುವವರು ಊರಿನವರೇ. ಸಂಬಳ ಯಾರಿಗೂ ಇಲ್ಲ. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತಳಾದ ಗುನ್ವರ್ ಅಲ್ಲಿ ಟಿಕೆಟ್ ಹರಿಯುತ್ತಾಳೆ, ಕಾಫಿ ಮಾಡುತ್ತಾಳೆ. ಪ್ರತಿ ಡಿಸೆಂಬರಿನಲ್ಲಿ, ಹದಿಮೂರನೇ ತಾರೀಖಿನ ಲೂಸಿಯಾ ಹಬ್ಬದೊಳಗೆ, ಸಂಘದವರೆಲ್ಲ ಆ ವರ್ಷ ಮೆಚ್ಚಿದ ಐದು ಸಿನಿಮಾಗಳನ್ನು ಕ್ರಮವಾಗಿ ಬರೆದು, ಹೆಸರು ಹಾಕಿ ಅಲ್ಲಿಟ್ಟ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಮೊದಲನೆಯದಕ್ಕೆ ಐದು ಅಂಕ, ಕೊನೆಯದಕ್ಕೆ ಒಂದು. ಗೆದ್ದ ಸಿನಿಮಾ ಜನವರಿ ಆರರಂದು ಮತ್ತೊಮ್ಮೆ ತೆರೆಗೆ ಬರುತ್ತದೆ. ಪಟ್ಟಿಗಳನ್ನೆಲ್ಲ ಬೋರ್ಡಿಗೆ ಚುಚ್ಚುತ್ತಾರೆ. ಈಸ್ಟರ್ ತನಕ ಜನ ಅವುಗಳ ಮುಂದೆ ನಿಂತು ವಾದ ಮಾಡುತ್ತಾರೆ.

ಆ ವರ್ಷ ಗುನ್ವರ್‌ಗೆ ಎಲ್ಲಕ್ಕಿಂತ ಹಿಡಿಸಿದ್ದು ದೋಣಿಯ ಸಿನಿಮಾ. ಸರೋವರದಲ್ಲಿ ಜನರನ್ನು ದಾಟಿಸುವ ಒಬ್ಬ ಹೆಂಗಸು, ಸೇತುವೆ ಬಂದ ಮೇಲೆ, ಕೊನೆಯ ಸಲ ಖಾಲಿ ದೋಣಿಯನ್ನು ದಡಕ್ಕೆ ತರುತ್ತಾಳೆ. ದಡದಲ್ಲಿ ಯಾರೂ ಇರುವುದಿಲ್ಲ. ಗುನ್ವರ್ ಕೊನೆಯ ದಿನ ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ಇಳಿದಾಗಲೂ ಯಾರೂ ಇರಲಿಲ್ಲ. ಸಿನಿಮಾ ನೋಡುತ್ತ ಕತ್ತಲಲ್ಲಿ ಅತ್ತಳು, ಸದ್ದು ಮಾಡಿ ಮೂಗು ಒರೆಸಿಕೊಂಡಳು. ಆ ಸದ್ದು ಮೊದಲ ಸಾಲಿನಲ್ಲಿದ್ದ ಹಿಲ್ಡಿಂಗ್‌ಗೆ ಕೇಳಿತು. ಮರದ ಮಿಲ್ಲಿನಲ್ಲಿದ್ದ ಕಾಲದಲ್ಲಿ ಅವನು ದಿನಾ ಅವಳ ಬಸ್ಸಿಗೇ ಹತ್ತುತ್ತಿದ್ದವನು.

"ಗುನ್ವರ್ ಅಳ್ತಾಳೆ ಅಂತ ಈವತ್ತೇ ಗೊತ್ತಾಗಿದ್ದು," ಎಂದ, ಕಾಫಿಯ ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆ. "ಅರ್ಧ ನಿಮಿಷ ತಡವಾದ್ರೆ ನನ್ನ ಹಿಮದಲ್ಲೇ ಬಿಟ್ಟು ಹೋಗ್ತಿದ್ದೋಳು ಇವಳೇನಾ?"

"ನೆಗಡಿ ಕಣೋ. ಕಾಫಿ ಬೇಕಾ, ಮಾತೇ ಸಾಕಾ?"

"ಎರಡೂ ಬೇಕು. ಜತೆಗೊಂದು ಏಲಕ್ಕಿ ಬನ್ನು."

ಜನ ನಕ್ಕರು. ನೆಗಡಿ ಎಂದವಳು ಅದೇ ಸಿನಿಮಾಕ್ಕೆ ಮೊದಲ ಸ್ಥಾನ ಕೊಟ್ಟರೆ ಬೋರ್ಡಿನಲ್ಲಿ ಹೆಸರು ಸಮೇತ ಸಿಕ್ಕಿಬೀಳುತ್ತಾಳೆ. ಹಾಗಾಗಿ ಗುನ್ವರ್ ದೋಣಿಯನ್ನು ಪಟ್ಟಿಯಲ್ಲೇ ಸೇರಿಸದೆ, ಒಂದು ಪೊಲೀಸ್ ಸಿನಿಮಾವನ್ನು ಮೇಲೆ ಬರೆದಳು. ಅದನ್ನು ಅರ್ಧ ನಿದ್ದೆಯಲ್ಲೇ ನೋಡಿದ್ದಳು.

ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಫಲಿತಾಂಶ ಬಂತು. ಮದುವೆಮನೆಯ ಹಾಸ್ಯದ ಸಿನಿಮಾಕ್ಕೆ ಅರವತ್ತೊಂದು ಅಂಕ, ದೋಣಿಗೆ ಐವತ್ತೆಂಟು. ಹಿಲ್ಡಿಂಗ್ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದ.

"ಸ್ವಲ್ಪ ಓದಿ ಹೇಳು ಗುನ್ವರ್. ಕನ್ನಡಕ ಮರೆತು ಬಂದೆ."

"ಮೂಗಿನ ಮೇಲಿರೋದು ಅಲಂಕಾರಕ್ಕಾ?"

ಅವನು ನಗಲಿಲ್ಲ. ದನಿ ತಗ್ಗಿಸಿದ. "ಇದರಿಂದ ಈಗ ಉಪಯೋಗ ಇಲ್ಲ. ನೋಟದ ನಡುಭಾಗ ಹೋಗಿದೆ, ಸುತ್ತ ಅಂಚಲ್ಲಿ ಕಾಣುತ್ತೆ ಅಷ್ಟೆ. ಟಿವಿ ಬರೀ ಮಂಜು. ಇಲ್ಲಿ ಮುಂದೆ ಕೂತ್ರೆ ಪರದೆ ದೊಡ್ಡದು ನೋಡು, ಏನೋ ಒಂದಿಷ್ಟು ಸಿಗುತ್ತೆ. ಏಪ್ರಿಲ್ ಹೊತ್ತಿಗೆ ಅದೂ ಕಷ್ಟ ಅಂದ್ರು ಡಾಕ್ಟರು. ಯಾರಿಗೂ ಹೇಳ್ಬೇಡ. ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನನ್ನಿಂದಾಗಲ್ಲ."

ವರ್ಷವಿಡೀ ಅವನು ಮೊದಲ ಸಾಲಿನಲ್ಲಿ ಕೂತಿದ್ದನ್ನು ಗುನ್ವರ್ ನೋಡಿದ್ದಳು. ಪರದೆ ನುಂಗ್ತೀಯಾ ಎಂದು ಕೆಣಕಿಯೂ ಇದ್ದಳು. ಯಾಕೆ ಎಂದು ಕೇಳಿರಲಿಲ್ಲ.

"ದೋಣಿ ಮೊದಲು ಬಂತಾ? ಇನ್ನೊಂದ್ಸಲ ನೋಡ್ಬೇಕು ಅಂತಿದ್ದೆ. ಆ ನೀರನ್ನ."

"ಎರಡನೇದು. ಮೂರು ಅಂಕ ಕಮ್ಮಿ."

ತನ್ನ ಕೈಯಲ್ಲಿದ್ದದ್ದು ಐದು ಅಂಕ. ಲೆಕ್ಕ ಕಷ್ಟದ್ದಾಗಿರಲಿಲ್ಲ. "ಇಲ್ಲೇ ಇರು," ಎಂದು ಅವಳು ಒಳಗೆ ಸಂಘದ ಅಧ್ಯಕ್ಷೆ ಮಾರ್ಗಿತ್ ಬಳಿಗೆ ನಡೆದಳು.

"ಆರನೇ ತಾರೀಖು ದೋಣೀನೂ ಹಾಕೋಕಾಗಲ್ವಾ?"

"ಒಂದೇ ದಿನ ಎರಡಕ್ಕೆ ವಿತರಕರು ಅನುಮತಿ ಕೊಡಲ್ಲ. ಏಳನೇ ತಾರೀಖಿಂದ ಕುರ್ಚಿ ಬದಲಾಯಿಸೋ ಕೆಲಸ, ಏಪ್ರಿಲ್ ತನಕ ಬೀಗ. ಮೀಟಿಂಗಲ್ಲಿ ನೀನೇ ಕೈ ಎತ್ತಿದ್ಯಲ್ಲ."

"ಮದುವೆ ಬದಲು ದೋಣಿ ಹಾಕಿದ್ರೆ?"

"ಬೋರ್ಡಿಗೆ ಹಾಕಾದ್ಮೇಲೆ? ಜನ ಸುಮ್ನಿರ್ತಾರಾ?" ಮಾರ್ಗಿತ್ ಕನ್ನಡಕದ ಮೇಲಿಂದ ನೋಡಿದಳು. "ನಿನಗ್ಯಾಕೆ ಈಗ ಅದರ ಮೇಲೆ ಅಷ್ಟು ಪ್ರೀತಿ? ಒಂದು ಅಂಕಾನೂ ಕೊಡ್ಲಿಲ್ಲ."

ಅವಳು ಬರಿಗೈಯಲ್ಲಿ ಹೊರಗೆ ಬಂದಳು. ಹಿಲ್ಡಿಂಗ್ ಅಲ್ಲೇ ಇದ್ದ.

"ನಿನ್ನ ಪಟ್ಟಿ ಓದು. ನೀನೇನು ಬರ್ದೆ ಕೇಳೋಣ."

ಕಾಗದ ಅವಳ ಕಣ್ಣೆದುರಿಗೇ ಇತ್ತು. ಅವಳದೇ ಅಕ್ಷರ, ಮೇಲೆ ಪೊಲೀಸ್ ಸಿನಿಮಾ.

"ಒಂದನೇದು ದೋಣಿ," ಎಂದಳು.

"ಹಾಗಾದ್ರೆ ನೆಗಡಿ ಅಲ್ಲ."

"ಅಲ್ಲ."

ಅವನು ಕೆಣಕಲಿಲ್ಲ. "ನಾನೂ ಅತ್ತೆ ಕಣೇ. ಅದನ್ನ ಮುಚ್ಚೋಕೇ ನಿನ್ನ ರೇಗಿಸಿದ್ದು." ಅವಳ ಭುಜ ತಟ್ಟಿದ. "ಇರ್ಲಿ ಬಿಡು. ನಾವಿಬ್ರೂ ಕೈಲಾದಷ್ಟು ಮಾಡಿದ್ವಿ."

ಅವನು ಹೋದ ಮೇಲೆ ಗುನ್ವರ್ ತನ್ನ ಕಾಗದವನ್ನು ಕಿತ್ತು ಜೇಬಿಗೆ ತುರುಕಿದಳು. ಆ ಜಾಗದಲ್ಲಿ ಪಿನ್ನು ಉಳಿಯಿತು.

ಆರನೇ ತಾರೀಖು ಅವಳು ಮೊದಲ ಸಾಲಿನಲ್ಲಿ ಅವನ ಪಕ್ಕ ಕೂತಳು. ಹಿಂದೆ ಕಿಕ್ಕಿರಿದ ಜನ ನಗುತ್ತಿದ್ದರು. ಮದುವೆಮನೆ ಎಂದರೆ ಬರೀ ಮುಖಗಳು: ಅತ್ತೆಯ ಮುಖ, ಮದುಮಗನ ಮುಖ, ಕೇಕು ಬೀಳಿಸಿದವನ ಮುಖ. ಪರದೆಯ ತುಂಬ ಒಂದಾದ ಮೇಲೊಂದು.

"ಈಗ ಯಾಕೆ ನಕ್ರು?"

ಅವಳು ಬಗ್ಗಿ ಕಿವಿಯಲ್ಲಿ ಹೇಳಿದಳು. ಅವನು ತಡವಾಗಿ, ಒಬ್ಬನೇ ನಕ್ಕ.

"ಮುಖ ನನಗೆ ಸಿಗಲ್ಲ," ಎಂದ ಸ್ವಲ್ಪ ಹೊತ್ತಿನ ಮೇಲೆ, ದೂರುವ ದನಿಯಲ್ಲೇನೂ ಅಲ್ಲ. "ನೀರಾಗಿದ್ರೆ ಅಂಚಲ್ಲೂ ಕಾಣ್ತಿತ್ತು."

ಗುನ್ವರ್ ಕರವಸ್ತ್ರ ತೆಗೆದಳು. ಎಷ್ಟು ಮೆಲ್ಲಗೆ ಮೂಗು ಒರೆಸಿಕೊಂಡರೂ ಅವನಿಗೆ ಕೇಳಿತು.

"ಏನೇ, ಅಳ್ತಿದ್ಯಾ?"

"ಇಲ್ಲ," ಎಂದಳು. "ನೆಗಡಿ."